ಬಾಗಿಲು ಕಚ್ಚದ ದಿನ

ಚಿಕ್ಕಮ್ಮನ ಕಾಲ್ಗುಣದ ಬಗ್ಗೆ ಲೋಕದಲ್ಲಿ ಎರಡು ಅಭಿಪ್ರಾಯಗಳಿದ್ದವು. ಮನೆಯಲ್ಲಿ ಒಂದು, ಕೆಲಸದ ಜಾಗದಲ್ಲಿ ಇನ್ನೊಂದು.

ಮನೆಯದು ಹಳೆಯದು. ಮೂವತ್ತೆರಡು ವರ್ಷದ ಹಿಂದೆ ಚಿಕ್ಕಮ್ಮ ಸೊಸೆಯಾಗಿ ಆ ಮನೆಯ ಹೊಸ್ತಿಲು ದಾಟಿ ಅರ್ಧ ಗಂಟೆಯೂ ಆಗಿರಲಿಲ್ಲ, ಬಲ್ಬು ಬದಲಾಯಿಸಲು ಏಣಿ ಹತ್ತಿದ್ದ ಮಾವ ದಡಾರನೆ ಬಿದ್ದು ಕಾಲು ಮುರಿದುಕೊಂಡರು. ಅತ್ತೆ ನಿಂತ ಕಾಲಲ್ಲೇ ತೀರ್ಪು ಕೊಟ್ಟರು: "ಇವಳು ಕಾಲಿಟ್ಟಳು, ಅವರ ಕಾಲು ಮುರೀತು." ಮಾವ ಒಳ್ಳೆಯವರು. ಬದುಕಿರುವಷ್ಟು ದಿನ ಕುಂಟುತ್ತಲೇ ಓಡಾಡಿದರು, ಸೊಸೆಯನ್ನು ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅವರ ಪಾಲಿನದನ್ನೂ ಸೇರಿಸಿ ಅತ್ತೆಯೇ ಅಂದರು. ಹಾಲಿನವನಿಗೆ ಹೇಳಿದರು, ಮೀಟರ್ ಓದಲು ಬಂದವನಿಗೆ ಹೇಳಿದರು, ತಪ್ಪು ನಂಬರಿಗೆ ಫೋನು ಮಾಡಿದವರಿಗೂ ಒಮ್ಮೆ ಹೇಳಿದರು. ಹೊಸ ಫ್ರಿಡ್ಜು ಬಂದಾಗ ಅದು ತಣ್ಣಗಾಗುವ ತನಕ ಚಿಕ್ಕಮ್ಮನನ್ನು ಬೀದಿಯಲ್ಲಿ ನಿಲ್ಲಿಸಿದ್ದರು. ಅಲ್ಲಾ ಸ್ವಾಮಿ, ಫ್ರಿಡ್ಜಿಗೇನು ಗೊತ್ತು ಯಾರ ಕಾಲು ಎಂಥದ್ದೆಂದು? ಆದರೆ ಎಂಬತ್ತು ದಾಟಿದ ಅತ್ತೆಗೆ ಇದನ್ನು ಹೇಳುವವರು ಯಾರು?

ಕೆಲಸದ ಜಾಗದ ಅಭಿಪ್ರಾಯಕ್ಕೆ ಆರು ತಿಂಗಳಷ್ಟೇ ವಯಸ್ಸು. ಚಿಕ್ಕಮ್ಮ ಒಂದು ದೊಡ್ಡ ಕಾಲೇಜಿನ ಮೂರನೇ ಮಹಡಿ ಗುಡಿಸಿ ಒರೆಸುವವಳು. ಅವಳಿಗಿಂತ ಐದು ವರ್ಷ ದೊಡ್ಡವರಾದ ವಿಭಾಗದ ಮುಖ್ಯಸ್ಥರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಆ ಮಹಡಿಯ ಕೊನೆಯ ಲ್ಯಾಬಿನಲ್ಲಿ ಸಣ್ಣಕ್ಕ ಸಂಶೋಧನೆ ಮಾಡುತ್ತಿದ್ದಳು. ಅವಳು ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುವಷ್ಟು ಎತ್ತರದ ಹುಡುಗಿ. ಸಣ್ಣಕ್ಕ ಎಂಬ ಹೆಸರು ಬಂದದ್ದು ಅವಳ ಕೆಲಸದಿಂದ. ಕೂದಲನ್ನು ಉದ್ದುದ್ದಕ್ಕೆ ಐವತ್ತು ಸಾವಿರ ಸಲ ಸೀಳಿದರೆ ಎಷ್ಟು ತೆಳ್ಳಗಾಗುತ್ತದೋ ಅಷ್ಟು ತೆಳ್ಳಗಿನ ಒಂದು ಕೊಳವೆಯಲ್ಲಿ ಕರೆಂಟು ಹೇಗೆ ಹರಿಯುತ್ತದೆಂದು ಏಳು ವರ್ಷದಿಂದ ಅಳೆಯುತ್ತಿದ್ದಳು. ಅಳೆಯಲು ಕೂತಿದ್ದಳು ಅನ್ನಬೇಕು, ಏಕೆಂದರೆ ಕರೆಂಟು ಹರಿಯುತ್ತಿರಲಿಲ್ಲ.

ಆರು ತಿಂಗಳ ಹಿಂದೆ, ಮಹಡಿಗೆಲ್ಲ ಹೊಸ ಕಾರ್ಪೆಟ್ ಹಾಕಿದ ಮೇಲೆ, ಒಂದು ಬೆಳಿಗ್ಗೆ ಚಿಕ್ಕಮ್ಮ ಕಸದ ಬುಟ್ಟಿ ಎತ್ತಲು ಲ್ಯಾಬಿನೊಳಗೆ ಬಂದಳು. ಟಕ್ಕನೆ ಮೀಟರಿನ ಮುಳ್ಳು ಎದ್ದು ನಿಂತಿತು. ಸಣ್ಣಕ್ಕ ಕುರ್ಚಿಯಿಂದ ಹಾರಿಬಿದ್ದಳು. ಚಿಕ್ಕಮ್ಮ ಬುಟ್ಟಿ ಹಿಡಿದು ಹೊರಗೆ ಹೋದಳು, ಮುಳ್ಳು ಮಲಗಿತು. "ಚಿಕ್ಕಮ್ಮಾ, ಇನ್ನೊಂದ್ಸಲ ಒಳಗೆ ಬನ್ನಿ!" ಬಂದಳು, ಎದ್ದಿತು. ಹೋದಳು, ಬಿದ್ದಿತು. ಹನ್ನೊಂದು ಸಲ ಹೀಗೇ ನಡೆದ ಮೇಲೆ ಚಿಕ್ಕಮ್ಮ, "ಅಮ್ಮಾ ತಾಯಿ, ನನಗೆ ಇನ್ನೂ ಒಂಬತ್ತು ರೂಮಿದೆ" ಎಂದಳು.

ಸುದ್ದಿಗೆ ಕಾಲು ಬೇಕೇ? ಸಂಜೆಯೊಳಗೆ ಮಹಡಿಗೆಲ್ಲ ಗೊತ್ತಾಯಿತು: ಚಿಕ್ಕಮ್ಮನ ಕಾಲ್ಗುಣ ಚಿನ್ನದಂಥದ್ದು. ಪಕ್ಕದ ಲ್ಯಾಬಿನವರು ಕೆಟ್ಟ ಪಂಪಿನ ಮುಂದೆ ಅವಳನ್ನು ನಿಲ್ಲಿಸಿಕೊಂಡರು. ಗುಮಾಸ್ತರು ತಮ್ಮ ಹೊಸ ಸ್ಕೂಟರಿನ ಸುತ್ತ ಮೂರು ಸುತ್ತು ನಡೆಸಿದರು. ಪಂಪು ಸರಿಯಾಗಲಿಲ್ಲ, ಸ್ಕೂಟರು ವಾರದಲ್ಲಿ ಪಂಕ್ಚರಾಯಿತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಇವರೆಲ್ಲ ಡಿಗ್ರಿಯ ಮೇಲೆ ಡಿಗ್ರಿ ಮಾಡಿದವರು, ನೆನಪಿರಲಿ. ಚಿಕ್ಕಮ್ಮನಿಗೋ ಕೇಳಲೇಬೇಡಿ. ಮೂವತ್ತೆರಡು ವರ್ಷ ಮದುವೆ ಮನೆಗಳಿಗೆ ಎಲ್ಲರೂ ಹೋದ ಮೇಲೆ ಕೊನೆಯಲ್ಲಿ ಹೋಗುತ್ತಿದ್ದವಳನ್ನು ಓದಿದ ಜನ "ಮೊದಲು ನೀವು ಬನ್ನಿ" ಎಂದು ಕರೆಯುತ್ತಿದ್ದರು. ಅವಳು ಕಾರಿಡಾರಿನಲ್ಲಿ ತನ್ನ ರಬ್ಬರ್ ಚಪ್ಪಲಿಯನ್ನು ಪರಪರ ಎಳೆಯುತ್ತ ನಡೆದರೆ ಕಿವಿಗೆ ವಾದ್ಯ ಕೇಳಿದ ಹಾಗೆ ಆಗುತ್ತಿತ್ತು, ಅವಳಿಗೆ.

ಸಣ್ಣಕ್ಕ ಮಾತ್ರ ಕಾಲ್ಗುಣ ಎಂದು ಒಪ್ಪಲಿಲ್ಲ. "ಕೊಳವೆಯ ತುದಿ ಸರಿಯಾಗಿ ಕೂತಿಲ್ಲ ಅಂತ ಕಾಣುತ್ತೆ ಚಿಕ್ಕಮ್ಮ. ನೀವು ನಡೆದಾಗ ನೆಲ ನಡುಗಿ ಕೂತ್ಕೊಳ್ಳುತ್ತೆ" ಎಂದಳು.

"ನಾನೇನು ಆನೆನಾ ನೆಲ ನಡುಗೋಕೆ?" ಎಂದು ಚಿಕ್ಕಮ್ಮ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ತಾನೇ ಹೋಗಿ ಸ್ಟೂಲಿನ ಮೇಲೆ ಕೂತು ಕೇಳಿದಳು: "ಅದಿರ್ಲಿ, ಆ ಕೊಳವೆ ಒಳಗೆ ಅಂಥದ್ದೇನಿದೆ, ಹೇಳು."

"ಪೆನ್ಸಿಲ್ ಕಡ್ಡಿ ಇದೆಯಲ್ಲ, ಅದು ಹಾಳೆ ಮೇಲೆ ಹಾಳೆ ಜೋಡಿಸಿದ ಇಂಗಾಲ. ಅದರಲ್ಲಿ ಒಂದೇ ಒಂದು ಹಾಳೆನ ಚಾಪೆ ಥರ ಸುತ್ತಿದ್ರೆ ಈ ಕೊಳವೆ. ಕಾರ್ಬನ್ ನ್ಯಾನೋಟ್ಯೂಬ್ ಅಂತಾರೆ. ತಾಮ್ರದ ತಂತೀಲಿ ಕರೆಂಟು ಹೋಗೋದು ಸಂತೆಯಲ್ಲಿ ಜನ ಹೋದ ಹಾಗೆ. ಅವರಿಗೆ ಇವರು ಡಿಕ್ಕಿ, ಇವರಿಗೆ ಅವರು ಡಿಕ್ಕಿ, ಆ ತಿಕ್ಕಾಟಕ್ಕೇ ತಂತಿ ಬಿಸಿಯಾಗೋದು. ಈ ಪುಟ್ಟ ಕೊಳವೇಲಿ ಹಾಗಲ್ಲ. ಯಾರೂ ಯಾರ ಭುಜಕ್ಕೂ ತಾಗದೆ ಸೀದಾ ಆ ಕಡೆ ಹೋಗಿಬಿಡ್ತಾರೆ. ಕೊಳವೆ ಸ್ವಲ್ಪ ಉದ್ದ ಇದ್ರೂ ಅಷ್ಟೇ, ಗಿಡ್ಡ ಇದ್ರೂ ಅಷ್ಟೇ. ಕಷ್ಟ ಏನಿದ್ರೂ ಒಳಗೆ ಹೋಗೋವಾಗ, ಹೊರಗೆ ಬರೋವಾಗ ಮಾತ್ರ."

"ನಮ್ಮ ನಾದಿನಿ ಮನೆಗೆ ಬಂದ ಹಾಗೆ. ಒಳಗೆ ಹತ್ತೇ ನಿಮಿಷ ಕೂರೋದು, 'ಬರ್ತೀನಿ' ಅಂತ ಹೊಸ್ತಿಲಲ್ಲಿ ನಿಂತು ಮುಕ್ಕಾಲು ಗಂಟೆ."

"ಸರಿಯಾಗಿ ಹೇಳಿದ್ರಿ!" ಸಣ್ಣಕ್ಕ ನಕ್ಕಳು. "ಇನ್ನೊಂದು ವಿಚಿತ್ರ ಇದೆ. ಹಾಳೆನ ಹೇಗೆ ಸುತ್ತಿದೆ ಅನ್ನೋದರ ಮೇಲೆ ಅದರ ಗುಣ. ಒಂದು ರೀತಿ ಸುತ್ತಿದ್ರೆ ತಂತಿ, ಯಾವಾಗಲೂ ಹರೀತದೆ. ಸ್ವಲ್ಪ ಓರೆಯಾಗಿ ಸುತ್ತಿದ್ರೆ ನಲ್ಲಿ, ಯಾರಾದ್ರೂ ತಿರುಗಿಸಿದ್ರೇನೇ ಹರಿಯೋದು. ಮೂರರಲ್ಲಿ ಒಂದು ತಂತಿ, ಎರಡು ನಲ್ಲಿ. ನನ್ನದು ತಂತಿ."

"ನಿಂಗೆ ಹೇಗೆ ಗೊತ್ತು?"

"ಗೊತ್ತು" ಎಂದಳು ಸಣ್ಣಕ್ಕ, ಸ್ವಲ್ಪ ಜೋರಾಗಿ. ಚಿಕ್ಕಮ್ಮ ಮತ್ತೆ ಕೇಳಲಿಲ್ಲ. ಸೊಸೆಯಾಗಿ ಬಾಳಿದವಳಿಗೆ ಜೋರು ದನಿಯ ಅರ್ಥ ತಿಳಿಯುತ್ತದೆ.

ಕಾರಣ ಏನೇ ಇರಲಿ, ಕರೆಂಟು ಬೇಕಿತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ಚಿಕ್ಕಮ್ಮ ಬಂದು ಮೇಜಿಗೆ ಒಂದು ಸುತ್ತು ಹಾಕಿ ಬೀರುವಿನ ಎಡಕ್ಕೆ ನಿಲ್ಲುವಳು, ಸಣ್ಣಕ್ಕ ಅಂಕಿ ಬರೆದುಕೊಳ್ಳುವಳು. ಆ ಅಂಕಿಗಳಿಂದಲೇ ಅವಳ ಡಾಕ್ಟರೇಟ್ ಪ್ರಬಂಧದ ನಾಲ್ಕನೇ ಅಧ್ಯಾಯ ತುಂಬಿತು. ಕೊನೆಯ ಪುಟದಲ್ಲಿ ವಂದನೆಗಳಿದ್ದವು. ಅಲ್ಲಿ ಕಾಲ್ಗುಣ ಎಂಬ ಮಾತು ಹಾಕಲು ಸಣ್ಣಕ್ಕನಿಗೆ ಇಷ್ಟವಿರಲಿಲ್ಲ. ಚಿಕ್ಕಮ್ಮ ಬಿಡಲಿಲ್ಲ. "ನೀನು ನಂಬಬೇಡ ಕಣೇ, ಬರಿ ಸಾಕು. ಅಚ್ಚಾದ ಪುಸ್ತಕ ಅತ್ತೆ ಮುಂದೆ ಇಟ್ಟು ಓದಿಸ್ತೀನಿ. ಅವರು ಸಾಯೋದರೊಳಗೆ ಕೇಳಬೇಕು." ಸಣ್ಣಕ್ಕ ಬರೆದಳು: "ಚಿಕ್ಕಮ್ಮನ ಕಾಲ್ಗುಣಕ್ಕೆ ಋಣಿ." ಪರೀಕ್ಷೆಯಲ್ಲಿ ಪಾಸಾದರೆ ಪ್ರಬಂಧ ಅಚ್ಚಿಗೆ. ಆಗದಿದ್ದರೆ ಎಂಟನೇ ವರ್ಷ ಇಲ್ಲ. ಕಾಲೇಜು ಸಣ್ಣಕ್ಕನ ಹೆಸರು ತೆಗೆಯುತ್ತದೆ, ಆ ಪುಟ ರದ್ದಿಗೆ ಹೋಗುತ್ತದೆ.

ಪರೀಕ್ಷೆಗೆ ಹೊರಗಿನಿಂದ ಬರುವವರು ತಕರಾರು ಮೇಷ್ಟ್ರು. ಮೂವತ್ತು ವರ್ಷದಲ್ಲಿ ಯಾವ ಕಾಗದಕ್ಕೂ ತಕರಾರಿಲ್ಲದೆ ರುಜು ಹಾಕಿದವರಲ್ಲ. ಹೋಟೆಲಿನ ಮೆನುವಿನಲ್ಲೂ ತಪ್ಪು ತಿದ್ದಿ ವಾಪಸು ಕೊಡುವರಂತೆ. ಅವರು ಕಾಲಿಟ್ಟ ಲ್ಯಾಬಿನಲ್ಲಿ ಒಂದಾದರೂ ಯಂತ್ರ ಕೆಡುತ್ತದೆ ಎಂಬ ಮಾತಿತ್ತು. "ಬರಲಿ, ನಾನಿದ್ದೀನಿ" ಎಂದಳು ಚಿಕ್ಕಮ್ಮ.

ಆ ದಿನ ಬೆಳಿಗ್ಗೆ ಸಣ್ಣಕ್ಕ ಒಂದು ಡಬ್ಬಿ ತಂದುಕೊಟ್ಟಳು. ತೆರೆದರೆ ಹೊಸ ಬೂಟು. ಮೆತ್ತಗಿನ ಚರ್ಮ, ಅಡಿಯೂ ಚರ್ಮವೇ. "ಆರು ತಿಂಗಳು ನನಗೋಸ್ಕರ ನಡೆದಿದ್ದೀರಿ. ಇವತ್ತು ದೊಡ್ಡವರೆಲ್ಲ ಬರ್ತಾರೆ, ಆ ಹರಕು ಚಪ್ಪಲಿ ಬೇಡ." ಚಿಕ್ಕಮ್ಮನಿಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಗಂಡ ಉಡುಗೊರೆ ಎಂದು ತಂದುಕೊಟ್ಟದ್ದು ಬರೀ ಕೊಡೆಗಳು. ಚಪ್ಪಲಿಯನ್ನು ಪೊರಕೆಯ ಬೀರುವಿನಲ್ಲಿಟ್ಟು ಬೂಟು ಹಾಕಿಕೊಂಡು ನಡೆದಳು. ಕಾಲು ಎತ್ತಿ ಎತ್ತಿ ಇಡಬೇಕಾಯಿತು. ಸದ್ದೇ ಇಲ್ಲ, ಹಾಲು ಕದಿಯಲು ಹೊರಟ ಬೆಕ್ಕಿನ ಹಾಗೆ.

ಹನ್ನೊಂದಕ್ಕೆ ಎಲ್ಲರೂ ಲ್ಯಾಬಿನಲ್ಲಿ ನೆರೆದರು. ತಕರಾರು ಮೇಷ್ಟ್ರು ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ನಿಂತಿದ್ದರು. ಪಕ್ಕದಲ್ಲಿ ಸಣ್ಣಕ್ಕನ ಗೈಡು, ಯಾವ ಕಷ್ಟಕ್ಕೂ "ಆಗುತ್ತೆ ಬಿಡಿ" ಎನ್ನುವ ಮನುಷ್ಯ. ಸಣ್ಣಕ್ಕ ಕಣ್ಸನ್ನೆ ಮಾಡಿದಳು. ಚಿಕ್ಕಮ್ಮ ಎದೆಯುಬ್ಬಿಸಿ ಒಳಗೆ ಬಂದು ಮೇಜಿಗೆ ಸುತ್ತು ಹಾಕಿ ಬೀರುವಿನ ಎಡಕ್ಕೆ ನಿಂತಳು.

ಮುಳ್ಳು ಮಲಗೇ ಇತ್ತು.

ಇನ್ನೊಂದು ಸುತ್ತು ಹಾಕಿದಳು. ಇಲ್ಲ. ಮತ್ತೊಂದು. ಊಹೂಂ. "ಆಗುತ್ತೆ ಬಿಡಿ" ಎಂದರು ಗೈಡು. ಸಣ್ಣಕ್ಕ ಬೆವರುತ್ತ, "ಸ್ವಲ್ಪ ಕಾಲು ಅಪ್ಪಳಿಸಿ ಚಿಕ್ಕಮ್ಮ" ಎಂದು ಪಿಸುಗುಟ್ಟಿದಳು. ಚಿಕ್ಕಮ್ಮ ಅಪ್ಪಳಿಸಿದಳು. ಆಮೇಲೆ ಹಾರಿದಳು. ಐವತ್ತೈದು ವರ್ಷದ ಹೆಂಗಸು, ಸೀರೆ ಎತ್ತಿ ಹಿಡಿದುಕೊಂಡು, ಮೇಜಿನ ಸುತ್ತ ಧಪ್ ಧಪ್ ಎಂದು ಹಾರಿದಳು.

"ಇವರು ಯಾಕೆ ಕುಣೀತಿದ್ದಾರೆ?" ತಕರಾರು ಮೇಷ್ಟ್ರು ಕೇಳಿದರು.

"ತುದಿ ಸರಿಯಾಗಿ ಕೂರೋಕೆ ಸರ್."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಿಮ್ಮ ಕೊಳವೇಲಿ ಕರೆಂಟು ಹರಿಯೋಕೆ ಒಬ್ಬರು ಕುಣೀಬೇಕೇನ್ರಿ? ಇದನ್ನ ಅಧ್ಯಾಯ ನಾಲ್ಕರಲ್ಲಿ ಬರೆದಿದ್ದೀರಾ?"

ಚಿಕ್ಕಮ್ಮ ಹಾರುವುದನ್ನು ನಿಲ್ಲಿಸಿದಳು. ಹೋಯಿತು, ಎಲ್ಲ ಹೋಯಿತು. ಅತ್ತೆ ಹೇಳಿದ್ದೇ ಸರಿ. ತಾನು ಯಾವ ದೊಡ್ಡ ದಿನಕ್ಕೆ ಕಾಲಿಟ್ಟರೂ ಅದು ಮುರಿದು ಬೀಳುತ್ತದೆ. ಅಂದು ಮಾವನ ಕಾಲು, ಇಂದು ಈ ಹುಡುಗಿಯ ಬಾಳು. ಸೀರೆಯ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೀರುವಿಗೆ ಒರಗಿದಳು. ಅಳು ಬರುತ್ತಿದ್ದರೂ ಕಣ್ಣು ಮುಳ್ಳಿನ ಮೇಲಿಂದ ಕೀಳಲಾಗಲಿಲ್ಲ.

ಆದ್ದರಿಂದಲೇ ಅದನ್ನು ನೋಡಿದವಳು ಅವಳೊಬ್ಬಳೇ. ತಕರಾರು ಮೇಷ್ಟ್ರು ಸಿಟ್ಟಿನಲ್ಲಿ ಕಾರ್ಪೆಟ್ಟಿನ ಮೇಲೆ ಅತ್ತಿಂದಿತ್ತ ಶತಪಥ ಹಾಕುತ್ತ, ದಪ್ಪ ರಬ್ಬರ್ ಅಡಿಯ ಬೂಟು ಉಜ್ಜುತ್ತ, ಗೈಡಿಗೆ ಸಂಶೋಧನೆ ಎಂದರೇನು ಎಂಬ ಪಾಠ ಮಾಡುತ್ತಿದ್ದರು. ಅವರು ನಡೆದಂತೆ ಮುಳ್ಳು ಏಳುತ್ತಿತ್ತು. ಎಲಾ! ಚಿಕ್ಕಮ್ಮನಿಗೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಈ ಮನುಷ್ಯನಿಗೆ ಕಾಲ್ಗುಣವೇ? ಈ ಮುಖಕ್ಕೆ?

"ಸಾಕು, ನಾನು ಹೊರಡ್ತೀನಿ" ಎಂದು ಮೇಷ್ಟ್ರು ಬಾಗಿಲ ಹಿಡಿಗೆ ಕೈ ಹಾಕಿದರು. ಚಟ್ ಎಂದು ಕಿಡಿ ಹಾರಿತು. "ಅಯ್ಯಯ್ಯೋ!" ಎಂದು ಕೈ ಕೊಡವಿದರು. ಅದೇ ಕ್ಷಣ ಮುಳ್ಳು ಪಟ್ಟನೆ ಬಿತ್ತು.

"ಕಚ್ತಾ ಸರ್?" ಚಿಕ್ಕಮ್ಮನಿಗೆ ತನ್ನ ದುಃಖದ ನಡುವೆಯೂ ಕನಿಕರ ಬಂತು. "ಈ ಕಾರ್ಪೆಟ್ ಹಾಕಿದಾಗಿಂದ ನನಗೂ ದಿನಾ ಕಚ್ಚುತ್ತೆ. ಮೂರನೇ ಮಹಡಿಯ ಒಂದೊಂದು ಬಾಗಿಲೂ ಕಚ್ಚುತ್ತೆ. ಇವತ್ತೊಂದಿನ ಯಾವ ಬಾಗಿಲೂ ಕಚ್ಚಲಿಲ್ಲ ನೋಡಿ. ಆಮೇಲೆ, ನೀವು ನಡೆದಾಗ ಆ ಮುಳ್ಳು ಎದ್ದಿತ್ತು, ಬಾಗಿಲು ನಿಮಗೆ ಕಚ್ಚಿದ ಕೂಡಲೇ ಬಿತ್ತು."

ಸಣ್ಣಕ್ಕ ಚಿಕ್ಕಮ್ಮನನ್ನು ನೋಡಿದಳು, ಬಾಗಿಲನ್ನು ನೋಡಿದಳು, ಚಿಕ್ಕಮ್ಮನ ಹೊಸ ಬೂಟನ್ನು ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು.

"ಚಿಕ್ಕಮ್ಮಾ, ಹಳೇ ಚಪ್ಪಲಿ ಎಲ್ಲಿ?"

"ಪೊರಕೆ ಬೀರುವಲ್ಲಿ."

ಉದ್ದ ಕಾಲಿನ ಸಣ್ಣಕ್ಕ ಓಡಿಹೋಗಿ ತಂದಳು. ಚಿಕ್ಕಮ್ಮ ಬೂಟು ಕಳಚಿ ಚಪ್ಪಲಿ ಮೆಟ್ಟಿ, ಪರಪರ ಎಳೆಯುತ್ತ ಮೇಜಿಗೆ ಸುತ್ತು ಹಾಕಿದಳು. ಮುಳ್ಳು ಎದ್ದು ಸೆಟೆದು ನಿಂತಿತು. "ಈಗ ಬಾಗಿಲು ಮುಟ್ಟಿ." ಚಟ್! ಮುಳ್ಳು ಬಿತ್ತು. ತಕರಾರು ಮೇಷ್ಟ್ರು ನಿಧಾನವಾಗಿ ಕನ್ನಡಕ ಹಾಕಿಕೊಂಡು ಮೇಜಿನ ಮೇಲೆ ಬಗ್ಗಿದರು. ಕೊಳವೆ ಕೂತಿದ್ದ ಬಿಲ್ಲೆಯಿಂದ ಮೂರು ತಂತಿ ಹೊರಟಿದ್ದವು. ಕೊಳವೆಯ ಎರಡು ತುದಿಗೆ ಎರಡು, ಬಿಲ್ಲೆಯ ಅಡಿಯಿಂದ ಇನ್ನೊಂದು.

"ಈ ಮೂರನೇದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ ಸರ್" ಎಂದಳು ಸಣ್ಣಕ್ಕ. "ಅದು ನಲ್ಲಿ ಆದ್ರೆ ತಿರುಗಿಸೋ ತಂತಿ. ನನ್ನದು ನಲ್ಲಿ ಅಲ್ಲ ಅಂದ್ಕೊಂಡಿದ್ದೆ. ಅದಕ್ಕೇ ಏಳು ವರ್ಷ ಸುಮ್ನೆ ಬಿಟ್ಟಿದ್ದೆ."

ಇಲ್ಲಿ ಅವಳು ಒಂದು ಸುಳ್ಳು ಹೇಳಬಹುದಿತ್ತು. ಮುಳ್ಳು ಎದ್ದಿದೆ, ಅಂಕಿಗಳಿವೆ, ಚಪ್ಪಲಿಯನ್ನು ಯಾರು ಕೇಳುತ್ತಾರೆ? ಗೈಡು ಹಾವೂ ಸಾಯದ ಕೋಲೂ ಮುರಿಯದ ಒಂದು ಮಾತಿಗೆ ಬಾಯಿ ತೆರೆಯುತ್ತಲೇ ಇದ್ದರು. ಸಣ್ಣಕ್ಕ ಬಿಡಲಿಲ್ಲ.

"ಇದು ತಂತಿ ಅಲ್ಲ ಸರ್, ನಲ್ಲಿ. ಬಾಚಣಿಗೆ ತಲೆಗೆ ಉಜ್ಜಿದ್ರೆ ಕಾಗದದ ಚೂರು ಎಳೆಯಲ್ವಾ, ಹಾಗೆ ರಬ್ಬರ್ ಚಪ್ಪಲಿ ಈ ಕಾರ್ಪೆಟ್ಟಿಗೆ ಉಜ್ಜಿ ಚಿಕ್ಕಮ್ಮನ ಮೈಯಲ್ಲಿ ಕರೆಂಟು ಸೇರ್ಕೊಳ್ಳುತ್ತೆ. ಅವರು ಹತ್ತಿರ ಬಂದ್ರೆ ಈ ಮೂರನೇ ತಂತಿಗೆ ಅದು ತಿಳಿಯುತ್ತೆ, ನಲ್ಲಿ ತೆರೆಯುತ್ತೆ. ಚರ್ಮದ ಬೂಟು ತಂದುಕೊಟ್ಟು ನಾನೇ ಇವತ್ತು ನಲ್ಲಿ ಮುಚ್ಚಿಸಿದೆ. ನಾಲ್ಕನೇ ಅಧ್ಯಾಯ ಪೂರ್ತಿ ತಪ್ಪು ಸರ್."

ತಕರಾರು ಮೇಷ್ಟ್ರು ಪ್ರಬಂಧ ತೆರೆದರು. ನಾಲ್ಕನೇ ಅಧ್ಯಾಯದ ಮೇಲೆ ಮೂಲೆಯಿಂದ ಮೂಲೆಗೆ ಗೀಟು ಎಳೆದರು. "ಇದು ಹೋಯ್ತು. ಮೂರನೇ ತಂತಿ ಸರಿಯಾಗಿ ಕಟ್ಟಿ ಹೊಸದಾಗಿ ಅಳೀರಿ, ಬರೀರಿ. ಮೂರು ತಿಂಗಳು ಕೊಡ್ತೀನಿ. ಉಳಿದಿದ್ದಕ್ಕೆ..." ಅವರು ಬಾಯಿ ಚಪ್ಪರಿಸಿದರು, ಹೇಳಲು ಕಷ್ಟವಾಗುತ್ತಿದ್ದ ಹಾಗೆ. "ಉಳಿದಿದ್ದಕ್ಕೆ ತಕರಾರಿಲ್ಲ." ಗೈಡು "ಆಗುತ್ತೆ ಅಂದಿದ್ನಲ್ಲ!" ಎಂದು ಕುರ್ಚಿಯ ಮೇಲೆ ಕುಸಿದರು.

ಮೇಷ್ಟ್ರು ಪುಟ ತಿರುವುತ್ತ ಕೊನೆಗೆ ಬಂದರು. "ಇದೇನಿದು? 'ಚಿಕ್ಕಮ್ಮನ ಕಾಲ್ಗುಣಕ್ಕೆ'? ಕಾಲ್ಗುಣವೂ ಇಲ್ಲ ಮಣ್ಣಂಗಟ್ಟಿಯೂ ಇಲ್ಲ. ಚಪ್ಪಲಿ ಇದು." ಆ ಸಾಲಿನ ಮೇಲೂ ಗೀಟು ಬಿತ್ತು.

ಚಿಕ್ಕಮ್ಮನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಸಣ್ಣಕ್ಕ ಉಳಿದಳು, ಸಂತೋಷ. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ. ಆರು ತಿಂಗಳು ಎದೆಯುಬ್ಬಿಸಿ ನಡೆದದ್ದು ಒಂದು ಹರಕು ಚಪ್ಪಲಿಯ ಪ್ರತಾಪವೇ? ತನ್ನ ಕಾಲಿನಲ್ಲಿ ಏನೂ ಇರಲಿಲ್ಲವೇ?

ಏನೂ ಇರಲಿಲ್ಲ. ಚಿಕ್ಕಮ್ಮ ಆ ಮಾತನ್ನು ಮನಸ್ಸಿನಲ್ಲೇ ಇನ್ನೊಂದು ಸಲ ತಿರುಗಿಸಿ ನೋಡಿದಳು. ಮತ್ತೊಂದು ಸಲ ನೋಡಿದಳು.

"ಸರ್" ಎಂದಳು. "ನನ್ನ ಕಾಲಲ್ಲಿ ಏನೂ ಇಲ್ವಾ?"

"ಏನೂ ಇಲ್ಲಮ್ಮ."

"ಒಳ್ಳೇದೂ ಇಲ್ಲ?"

"ಇಲ್ಲ."

"ಕೆಟ್ಟದ್ದೂ ಇಲ್ಲ?"

"ಇಲ್ಲ ಅಂದ್ನಲ್ಲಮ್ಮ. ಯಾರ ಕಾಲಲ್ಲೂ ಇಲ್ಲ."

"ಹಾಗಾದ್ರೆ ನಮ್ಮ ಮಾವ ಏಣಿಯಿಂದ ಬಿದ್ದಿದ್ದು?"

ಇಡೀ ಕಥೆ ಹೊರಗೆ ಬಂತು. ಹೊಸ್ತಿಲು, ಬಲ್ಬು, ಕಾಲು, ಫ್ರಿಡ್ಜು. ಮೇಷ್ಟ್ರು ಮುಖ ಗಂಟಿಕ್ಕಿ ಕೇಳಿದರು. "ಏಣಿ ನನ್ನ ವಿಷಯ ಅಲ್ಲ" ಎಂದರು. ಆದರೂ ತಕರಾರು ಮೇಷ್ಟ್ರು ತಾನೆ, ಕೇಳದೆ ಇರಲಾಗಲಿಲ್ಲ: "ಏಣಿ ಹೇಗಿತ್ತು?"

"ಮೂರನೇ ಮೆಟ್ಟಿಲು ಸೀಳಿತ್ತು ಸರ್. ಬಟ್ಟೆ ಸುತ್ತಿದ್ರು. ಬಂದ ತಕ್ಷಣ ನಾನೇ ನೋಡಿದ್ದೆ, ಹೊಸ ಸೊಸೆ ಹೇಗೆ ಬಾಯಿ ಬಿಡೋದು ಅಂತ ಸುಮ್ನಿದ್ದೆ."

"ಮತ್ತೆ ಇನ್ನೇನಮ್ಮ! ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಕೊಂಬೆ ಮೊದಲೇ ಸೀಳಿತ್ತು."

ಚಿಕ್ಕಮ್ಮ ಗೊಳೋ ಎಂದು ಅತ್ತಳು. ಸಣ್ಣಕ್ಕ ಬಗ್ಗಿ ಅವಳನ್ನು ತಬ್ಬಿಕೊಂಡಳು. ಚಟ್ ಎಂದು ಇಬ್ಬರಿಗೂ ಕಚ್ಚಿತು, ಇಬ್ಬರೂ ಅಳುತ್ತಲೇ ನಕ್ಕರು. ಸೆರಗಿನಿಂದ ಮೂಗು ಒರೆಸಿಕೊಂಡು ಚಿಕ್ಕಮ್ಮ ಗಟ್ಟಿ ದನಿಯಲ್ಲಿ ಹೇಳಿದಳು: "ಬರೆದುಕೊಡಿ ಸರ್. ರುಜು ಹಾಕಿ, ಸೀಲು ಒತ್ತಿ ಕೊಡಿ. ಬಾಯಲ್ಲಿ ಹೇಳಿದ್ರೆ ಅತ್ತೆ ನಂಬಲ್ಲ."

ತಕರಾರು ಮೇಷ್ಟ್ರು ಬರೆದರು. "ಸೊಸೆ ಮನೆಯೊಳಗೆ ಕಾಲಿಟ್ಟದ್ದಕ್ಕೂ ಮಾವ ಏಣಿಯಿಂದ ಬಿದ್ದದ್ದಕ್ಕೂ ಯಾವ ಸಂಬಂಧವೂ ಇಲ್ಲ. ಏಣಿಯ ಮೂರನೇ ಮೆಟ್ಟಿಲು ಸೀಳಿತ್ತು. ಇದರ ಮೇಲೆ ನನ್ನ ತಕರಾರಿಲ್ಲ." ಕೆಳಗೆ ರುಜು ಹಾಕಿ ವಿಭಾಗದ ದುಂಡು ಸೀಲು ಒತ್ತಿದರು. ಒಂದೇ ದಿನದಲ್ಲಿ ಎರಡು ಸಲ ತಕರಾರಿಲ್ಲ ಎಂದದ್ದಕ್ಕೋ ಏನೋ, ಅವರ ಮುಖ ಸ್ವಲ್ಪ ಬಾಡಿತ್ತು.

ಮರುದಿನ ಹತ್ತು ಗಂಟೆಗೆ ಚಿಕ್ಕಮ್ಮ ಲ್ಯಾಬಿಗೆ ಬಂದಾಗ ಸಣ್ಣಕ್ಕ ಮೂರನೇ ತಂತಿಯನ್ನು ಬೆಸೆಯುತ್ತಿದ್ದಳು. "ಅತ್ತೆ ಏನಂದ್ರು?" ಎಂದು ತಲೆ ಎತ್ತದೆ ಕೇಳಿದಳು.

ಚಿಕ್ಕಮ್ಮ ಸ್ಟೂಲಿನ ಮೇಲೆ ಕೂತಳು. "ಮೊಮ್ಮಗಳ ಕೈಲಿ ಮೂರು ಸಲ ಓದಿಸಿದ್ರು. ಸೀಲಿನ ಮೇಲೆ ಬೆರಳಾಡಿಸಿದ್ರು. ಆಮೇಲೆ 'ಆ ಏಣಿ ಎಸೀಬೇಕು ಅಂತ ಅವರು ಹೇಳ್ತಾನೇ ಇದ್ರು ಕಣೇ, ಬಟ್ಟೆ ಸುತ್ತಿ ಇಟ್ಕೊಂಡಿದ್ದು ನಾನು' ಅಂದ್ರು."

ಸಣ್ಣಕ್ಕನ ಕೈ ನಿಂತಿತು. "ನೀವೇನಂದ್ರಿ?"

"ಏನನ್ಲಿ? ಎಂಬತ್ತಮೂರು ವರ್ಷದ ಮುದುಕಿ, ಅಷ್ಟು ವರ್ಷ ಆ ತಪ್ಪನ್ನ ಒಬ್ಬರೇ ಹೊತ್ಕೊಂಡಿದ್ರು. 'ಕೊಂಬೆ ಸೀಳಿತ್ತು ಬಿಡಿ ಅತ್ತೆ' ಅಂದೆ. ಎದ್ದು ಹೋಗಿ ನನಗೆ ತಟ್ಟೆ ಹಾಕಿದ್ರು. ಮೊದಲು ನೀನು ಕೂತ್ಕೋ ಅಂದ್ರು."

ಅಷ್ಟು ಹೇಳಿ ಚಿಕ್ಕಮ್ಮ ಕಸದ ಬುಟ್ಟಿ ಎತ್ತಿಕೊಂಡು ಹೊಸ ಬೂಟಿನಲ್ಲಿ ಸದ್ದಿಲ್ಲದೆ ಹೊರಟಳು. ಇನ್ನೂ ಒಂಬತ್ತು ರೂಮು ಬಾಕಿ ಇದ್ದವು.